ಚಕ್ರದ ಮೇಲಿನ ವಾನಪ್ರಸ್ಥ

ಅಮೆರಿಕದ ಅರಿಜೋನಾದಲ್ಲಿ ಕ್ವಾರ್ಟ್ಜ್‌ಸೈಟ್ ಎಂಬ ಪುಟ್ಟ ಮರುಭೂಮಿ ಊರಿದೆ. ಪಕ್ಕದ ಲಾ ಪೋಸಾ ಬಯಲಿನಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ, ಸರ್ಕಾರಿ ಪರವಾನಗಿ ಪಡೆದ ನಿವೃತ್ತ ದಂಪತಿಗಳು ಮೋಟಾರ್‌ಹೋಮ್ ನಿಲ್ಲಿಸಿಕೊಂಡು ಚಳಿಗಾಲ ಕಳೆಯುತ್ತಾರೆ. ಬೆಳಿಗ್ಗೆ ಎಳೆಬಿಸಿಲಿಗೆ ಕುರ್ಚಿ ಹಾಕಿ ಕಾಫಿ. ಆಮೇಲೆ ಒಬ್ಬರು ಸೋಲಾರ್ ಫಲಕದ ದೂಳು ಒರೆಸಿದರೆ, ಇನ್ನೊಬ್ಬರು ಟ್ಯಾಂಕಿನಲ್ಲಿ ನೀರೆಷ್ಟಿದೆ ಎಂದು ನೋಡುತ್ತಾರೆ. ಯಾವುದಕ್ಕೂ ಅವಸರವಿಲ್ಲ.

ಇದು ವಾನಪ್ರಸ್ಥವೇ?

ತಲೆ ನರೆತು, ಮೊಮ್ಮಗನ ಮುಖ ಕಂಡ ಗೃಹಸ್ಥನಿಗೆ ಮನುಸ್ಮೃತಿಯ ಆರನೆಯ ಅಧ್ಯಾಯ ಕಾಡಿನ ದಾರಿ ತೋರಿಸುತ್ತದೆ. ಹೆಂಡತಿಯೂ ಜೊತೆಗೆ ಹೋಗಬಹುದು. ಹಾಸಿಗೆ, ಫ್ರಿಜ್ ಸಮೇತ ಹೊರಟವರು ಬಿಟ್ಟದ್ದಾದರೂ ಏನು ಎಂಬ ಆಕ್ಷೇಪ ನ್ಯಾಯವಾದುದೇ. ಆದರೂ ಈ ಬದುಕಿನಲ್ಲಿ ಚೊಂಬು ನೀರಿಗೂ ಲೆಕ್ಕವಿದೆ. ಕಕ್ಕಸಿನ ಟ್ಯಾಂಕು ತುಂಬಿದರೆ ಒಯ್ದು ಖಾಲಿ ಮಾಡಬೇಕಾದವರೂ ತಾವೇ. ಅಷ್ಟರಮಟ್ಟಿಗೆ ಇದು ವ್ರತವೇ ಸರಿ.

ಕಸುವು ಉಡುಗಿದಾಗ ಏನು ಗತಿ ಎಂಬುದು ಇನ್ನೂ ಕಠಿಣ ಪ್ರಶ್ನೆ. ಜೋ ಮತ್ತು ಕೇ ಪೀಟರ್ಸನ್ ದಂಪತಿ 1978ರಲ್ಲಿ ಮೋಟಾರ್‌ಹೋಮ್ ಸಂಚಾರಿಗಳಿಗಾಗಿ ಕಟ್ಟಿದ ಎಸ್ಕೇಪೀಸ್ ಸಂಘದ ಬಳಗದಿಂದಲೇ ಟೆಕ್ಸಾಸ್‌ನ ಲಿವಿಂಗ್‌ಸ್ಟನ್‌ನಲ್ಲಿ ಆರೈಕೆ ಕೇಂದ್ರವೊಂದು ಹುಟ್ಟಿತು. ಅಲ್ಲಿ ವೃದ್ಧರು ತಮ್ಮ ಗಾಡಿಯಲ್ಲೇ ಉಳಿಯುತ್ತಾರೆ. ಊಟ, ಉಪಚಾರ ದೊರೆಯುತ್ತದೆ. ವೈರಾಗ್ಯದ ಕಣ್ಣಿಗೆ ಇದು ಮತ್ತೊಂದು ಸಂಸಾರವಾಗಿ ಕಾಣಬಹುದು. ಆದರೆ ಈ ಸಂಸಾರವನ್ನು ಕೂಡಿಸಿದ್ದು ರಕ್ತಸಂಬಂಧವೂ ಅಲ್ಲ, ಆಸ್ತಿಯೂ ಅಲ್ಲ.