ನೋಟ ಹಲವು, ನಡೆದದ್ದು ಒಂದು

"ಎಲ್ಲವೂ ಸಾಪೇಕ್ಷ, ಐನ್‌ಸ್ಟೈನರೇ ಹಾಗೆ ಹೇಳಿದ್ದಾರಲ್ಲವೇ?" ಎಂಬ ಮಾತನ್ನು ಸುಶಿಕ್ಷಿತರ ಬಾಯಲ್ಲಿಯೂ ಕೇಳುತ್ತೇವೆ. ನಿನ್ನ ಸತ್ಯ ನಿನಗೆ, ನನ್ನ ಸತ್ಯ ನನಗೆ ಎಂದು ಚರ್ಚೆಯನ್ನು ಮುಗಿಸಲು ಇದು ಸುಲಭೋಪಾಯ. ಅನ್ಯಾಯಕ್ಕೊಳಗಾದವನು ತನ್ನ ನೋವನ್ನು ತೋಡಿಕೊಂಡಾಗಲೂ "ಅದು ನಿನ್ನ ದೃಷ್ಟಿಕೋನ" ಎಂದು ಅವನ ಬಾಯಿ ಮುಚ್ಚಿಸುವುದುಂಟು. ಸಾಪೇಕ್ಷತಾ ಸಿದ್ಧಾಂತವು ನಿಜವಾಗಿಯೂ ಇದನ್ನೇ ಬೋಧಿಸುತ್ತದೆಯೇ? ಬೆಳಕಿನ ಒಂದು ಪ್ರಯೋಗವನ್ನು ಮುಂದಿಟ್ಟುಕೊಂಡು ಪರಿಶೀಲಿಸೋಣ.

ಎರಡು ಬೆಳಕಿನ ಅಲೆಗಳು ಸಂಧಿಸುವಲ್ಲಿ ಉಬ್ಬಿಗೆ ಉಬ್ಬು ಸೇರಿದರೆ ಪ್ರಕಾಶ ಹೆಚ್ಚುತ್ತದೆ. ಉಬ್ಬಿಗೆ ತಗ್ಗು ಸೇರಿದರೆ ಕತ್ತಲೆಯಾಗುತ್ತದೆ. ಹೀಗೆ ಪರದೆಯ ಮೇಲೆ ಬೆಳಕು ಕತ್ತಲೆಗಳ ಪಟ್ಟೆಗಳು ಮೂಡುತ್ತವೆ. ವಿಜ್ಞಾನಿಗಳು ಇದನ್ನು ವ್ಯತಿಕರಣ ಎನ್ನುತ್ತಾರೆ. 1887ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಎಂಬವರು ಒಂದು ಬೆಳಕಿನ ಕಿರಣವನ್ನು ಎರಡಾಗಿ ಸೀಳಿ, ಪರಸ್ಪರ ಲಂಬವಾದ ದಿಕ್ಕುಗಳಲ್ಲಿ ಕಳುಹಿಸಿ, ಕನ್ನಡಿಗಳಿಂದ ಹಿಂದಿರುಗಿಸಿ ಕೂಡಿಸಿದರು. ಉಪಕರಣವು ಪಾದರಸದ ಮೇಲೆ ತೇಲುವ ಕಲ್ಲುಚಪ್ಪಡಿಯ ಮೇಲಿತ್ತು. ಭೂಮಿಯು ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸೂರ್ಯನನ್ನು ಸುತ್ತುತ್ತಿರುವುದರಿಂದ, ಕಲ್ಲನ್ನು ತಿರುಗಿಸಿದಾಗ ಪಟ್ಟೆಗಳು ಒಂದು ಪಟ್ಟೆಯ ಅಗಲದ 0.4ರಷ್ಟು ಸರಿಯಬೇಕೆಂದು ಅಂದಿನ ಲೆಕ್ಕಾಚಾರ. ಕಂಡ ಚಲನೆ ಅದರ ಇಪ್ಪತ್ತನೆಯ ಒಂದು ಭಾಗದಷ್ಟೂ ಇರಲಿಲ್ಲ. ಸಮವೇಗದಿಂದ ನೇರವಾಗಿ ಸಾಗುವ ಎಲ್ಲ ವೀಕ್ಷಕರಿಗೂ ಬೆಳಕಿನ ವೇಗ ಒಂದೇ ಎಂದು 1905ರಲ್ಲಿ ಐನ್‌ಸ್ಟೈನ್ ಪ್ರತಿಪಾದಿಸಿದ ಮೇಲೆ ಈ ಫಲಿತಾಂಶದ ಅರ್ಥ ತಿಳಿಯಾಯಿತು.

ಈಗ ಇಂತಹ ಉಪಕರಣದ ಒಂದು ಬಾಹುವಿನ ದಿಕ್ಕಿನಲ್ಲಿ ಮಹಾವೇಗದಿಂದ ಸಾಗುವ ವೀಕ್ಷಕನೊಬ್ಬನನ್ನು ಊಹಿಸಿಕೊಳ್ಳಿ. ಉಪಕರಣದ ಬಳಿ ನಿಂತವನು ಹೇಳುತ್ತಾನೆ: "ಎರಡು ಬಾಹುಗಳೂ ಸಮ, ಕಿರಣಗಳು ಒಂದೇ ಕ್ಷಣದಲ್ಲಿ ಕನ್ನಡಿಗಳನ್ನು ಮುಟ್ಟಿದವು." ಸಾಗುವವನು ಹೇಳುತ್ತಾನೆ: "ಒಂದು ಬಾಹು ಕುಗ್ಗಿದೆ, ಒಂದು ಕನ್ನಡಿಯನ್ನು ಬೆಳಕು ಮೊದಲು ಮುಟ್ಟಿತು, ಇನ್ನೊಂದನ್ನು ಅನಂತರ." ಬೆಳಕಿನ ಬಣ್ಣದಲ್ಲಿಯೂ ಅವರಿಗೆ ಒಮ್ಮತವಿಲ್ಲ. ಇವರಲ್ಲಿ ಯಾರೂ ಸುಳ್ಳಾಡುತ್ತಿಲ್ಲ. ಯಾರ ಅಳತೆಗೋಲೂ ಕೆಟ್ಟಿಲ್ಲ.

ಆದರೆ ಪಟ್ಟೆಗಳು ಬೀಳುವಲ್ಲಿ ಗುರುತುಗಳನ್ನು ಕೊರೆದ ಛಾಯಾಚಿತ್ರ ಫಲಕವೊಂದನ್ನು ಇಟ್ಟಿದ್ದೇವೆ ಎನ್ನೋಣ. ಮೂರನೆಯ ಗುರುತಿನ ಮೇಲೆ ಕತ್ತಲೆಯ ಪಟ್ಟೆ ಬಿದ್ದಿದ್ದರೆ, ಇಬ್ಬರಿಗೂ ಅದು ಅಲ್ಲಿಯೇ ಬಿದ್ದಿದೆ. ಸಾಗುವವನಿಗೆ ಪಟ್ಟೆಗಳು ಕಿರಿದಾಗಿ ತೋರಿದರೆ ಗುರುತುಗಳ ನಡುವಿನ ಅಂತರವೂ ಅಷ್ಟೇ ಕಿರಿದಾಗಿ ತೋರುತ್ತದೆ. ಉಬ್ಬಿಗೆ ಉಬ್ಬು ಸೇರಿತೋ ತಗ್ಗು ಸೇರಿತೋ ಎಂಬುದು ನೋಡುವವನ ವೇಗವನ್ನು ಅವಲಂಬಿಸಿಲ್ಲ. ವಿವರಣೆಗಳು ಎರಡು; ಫಲಕದ ಮೇಲಿನ ಬರಹ ಒಂದೇ.

ಅಷ್ಟೇ ಅಲ್ಲ, ಒಬ್ಬನ ಅಳತೆಯಿಂದ ಮತ್ತೊಬ್ಬನ ಅಳತೆಯನ್ನು ಲಾರೆಂಟ್ಸ್‌ರ ಸಮೀಕರಣಗಳ ಮೂಲಕ ನಿಖರವಾಗಿ ಲೆಕ್ಕ ಹಾಕಬಹುದು. ಆದುದರಿಂದ ಭೌತವಿಜ್ಞಾನದ ನೆಲೆಯು ಮನಬಂದ ಅಭಿಪ್ರಾಯವಲ್ಲ. ತನ್ನ ನೆಲೆಯನ್ನು ಬಲ್ಲವನು ಇತರನಿಗೆ ಏನು ಕಾಣುವುದೆಂಬುದನ್ನೂ ಬಲ್ಲನು. ಸುತ್ತುವ ಉಪಕರಣದಲ್ಲಿಯಾದರೋ ಪಟ್ಟೆಗಳು ಸರಿಯುತ್ತವೆಂದು 1913ರಲ್ಲಿ ಫ್ರಾನ್ಸಿನ ಸಾನ್ಯಾಕ್ ತೋರಿಸಿದರು. ಕಿಟಕಿಯಿಲ್ಲದ ಕೋಣೆಯಲ್ಲಿ ಕುಳಿತವನೂ ತಾನು ಸುತ್ತುತ್ತಿರುವುದನ್ನು ಪಟ್ಟೆಗಳಿಂದಲೇ ಅರಿಯಬಲ್ಲನು. ಎಲ್ಲವೂ ಸಾಪೇಕ್ಷವೆಂಬುದು ಈ ಸಿದ್ಧಾಂತದ ಮಾತೇ ಅಲ್ಲ.

ಭೌತವಿಜ್ಞಾನವು ನೀತಿಯನ್ನು ಸಿದ್ಧಪಡಿಸಿ ಕೊಡಲಾರದು, ನಿಜ. ಆದರೆ ನೀತಿಯನ್ನು ತಳ್ಳಿಹಾಕಲು ಅದರ ಹೆಸರನ್ನು ಎತ್ತುವುದೂ ಸಲ್ಲದು. ಆಸ್ತಿ ಪಾಲಿನ ವಿಷಯದಲ್ಲಿ ಅಣ್ಣತಮ್ಮಂದಿರು ಮನಸ್ತಾಪ ಮಾಡಿಕೊಂಡಿದ್ದಾರೆ ಎನ್ನಿ. ತಂದೆಯ ನಂತರ ಮನೆಯ ಭಾರವನ್ನೆಲ್ಲ ಹೊತ್ತವನು ತಾನೆಂದು ಅಣ್ಣನು ಹೇಳುತ್ತಾನೆ. ಅಣ್ಣನ ಆಜ್ಞೆಯಂತೆ ಓದು ಬಿಟ್ಟು ಹೊಲದಲ್ಲಿ ದುಡಿದವನು ತಾನೆಂದು ತಮ್ಮನು ಹೇಳುತ್ತಾನೆ. ಎರಡೂ ಪ್ರಾಮಾಣಿಕ ನೋಟಗಳಿರಬಹುದು. ಇಬ್ಬರನ್ನೂ ತಾಳ್ಮೆಯಿಂದ ಕೇಳಬೇಕು. ಆದರೆ ತಮ್ಮನಿಗೆ ತಿಳಿಸದೆ ಹೊಲವನ್ನು ಮಾರಲಾಯಿತೇ, ಇಲ್ಲವೇ ಎಂಬ ಪ್ರಶ್ನೆಗೆ ಎರಡು ಉತ್ತರಗಳಿಲ್ಲ. ಅದು ಫಲಕದ ಮೇಲಿನ ಕತ್ತಲೆಯ ಪಟ್ಟೆ. ಅಲ್ಲಿ "ಅವರವರ ದೃಷ್ಟಿ" ಎಂದು ಹೇಳಿ ಎದ್ದುಹೋಗುವ ಮಧ್ಯಸ್ಥನು ನಿಷ್ಪಕ್ಷಪಾತಿಯಲ್ಲ. ವಂಚನೆ ನಡೆದಿದ್ದರೆ ಅವನು ವಂಚಿಸಿದವನ ಪಕ್ಷವನ್ನೇ ವಹಿಸಿದ್ದಾನೆ.

ನೈತಿಕ ಜೀವನದಲ್ಲಿ ಒಬ್ಬನ ನೋಟವನ್ನು ಮತ್ತೊಬ್ಬನ ನೋಟಕ್ಕೆ ಪರಿವರ್ತಿಸುವ ಸಮೀಕರಣಗಳಿಲ್ಲ. ಆ ಕೆಲಸವನ್ನು ನಾವೇ ಮಾಡಬೇಕು: ನಮ್ಮ ಹಿತಾಸಕ್ತಿ, ಭಯ, ಅಭ್ಯಾಸಗಳು ನಮ್ಮನ್ನು ಯಾವ ದಿಕ್ಕಿಗೆ ಒಯ್ಯುತ್ತಿವೆ ಎಂಬುದನ್ನು ಮೊದಲು ಅರಿಯಬೇಕು, ಎದುರಿನವನ ಸ್ಥಾನದಿಂದ ಏನು ಕಾಣುತ್ತದೆಂದು ಶ್ರಮವಹಿಸಿ ತಿಳಿಯಬೇಕು, ಅನಂತರ ಇಬ್ಬರೂ ಒಪ್ಪಲೇಬೇಕಾದುದರ ಮುಂದೆ ತಲೆಬಾಗಬೇಕು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದರು. ಕಂಡದ್ದು ನೋಡುವವನನ್ನು ಅವಲಂಬಿಸಿರಬಹುದೆಂಬ ಎಚ್ಚರವೂ, ಪ್ರಮಾಣಿಸಿದರೆ ಸತ್ಯವು ಸಿಕ್ಕೀತೆಂಬ ಭರವಸೆಯೂ ಆ ಒಂದೇ ಮಾತಿನಲ್ಲಿ ಅಡಗಿವೆ.