ಬೇಡ ಎನ್ನಲು ಬೇಕಾದ ಬಂಡವಾಳ

1995ರಲ್ಲಿ ಬೆಂಗಳೂರಿನ ತಾಜ್ ರೆಸಿಡೆನ್ಸಿ ಹೋಟೆಲಿಗೆ ಅಮೆರಿಕದ ದೈತ್ಯ ಕಂಪನಿಯೊಂದು ತನ್ನ ಭಾರತೀಯ ಸಾಫ್ಟ್‌ವೇರ್ ಗುತ್ತಿಗೆದಾರರನ್ನೆಲ್ಲ ಕರೆಸಿತು. ಒಬ್ಬರಿಗೊಬ್ಬರು ಮಾತಾಡಿಕೊಳ್ಳಬಾರದೆಂದು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿತು. ಒಂದು ಕೋಣೆಯಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿ ಮತ್ತವರ ಸಂಗಡಿಗರಿದ್ದರು. ಇನ್ಫೋಸಿಸ್‌ನ ಆದಾಯದಲ್ಲಿ ಶೇ 25ರಷ್ಟು ಬರುತ್ತಿದ್ದುದು ಈ ಒಬ್ಬ ಗಿರಾಕಿಯಿಂದಲೇ. ಗಿರಾಕಿ ಮುಂದಿಟ್ಟ ದರ, ಷರತ್ತುಗಳು ಮಾತ್ರ ಒಪ್ಪುವಂತಿರಲಿಲ್ಲ. ಕೋಣೆಯಲ್ಲಿದ್ದವರ ಕಣ್ಣೆಲ್ಲ ಮೂರ್ತಿಯವರ ಮೇಲಿತ್ತು; ಅವರು ಬೇಡ ಎಂದರು. ನೀವು ಹೇಳಿದವರಿಗೆ ಕೆಲಸವನ್ನು ಅಚ್ಚುಕಟ್ಟಾಗಿ ಒಪ್ಪಿಸಿಕೊಡುತ್ತೇವೆ ಎಂದು ಮಾತನ್ನೂ ಕೊಟ್ಟರು. 2007ರಲ್ಲಿ ನ್ಯೂಯಾರ್ಕಿನ ವಿದ್ಯಾರ್ಥಿಗಳ ಮುಂದೆ ಮೂರ್ತಿಯವರೇ ಇದನ್ನು ಹೇಳಿದ್ದಾರೆ.

ಲೆಕ್ಕದ ಹಾಳೆಯಷ್ಟನ್ನೇ ನೋಡಿದರೆ ಆ ದಿನ ಒಪ್ಪಿಕೊಳ್ಳುವುದೇ ಸರಿ. ನೂರು ರೂಪಾಯಿ ವಹಿವಾಟಿನಲ್ಲಿ 25 ರೂಪಾಯಿ ಒಬ್ಬನಿಂದ ಬರುತ್ತದೆ ಎಂದುಕೊಳ್ಳಿ. ದರವನ್ನು ಶೇ 20 ಇಳಿಸು ಎಂದು ಅವನು ಹಟ ಹಿಡಿದರೆ ಹೋಗುವುದು 5 ರೂಪಾಯಿ. ಅವನನ್ನೇ ಬಿಟ್ಟರೆ ಹೋಗುವುದು 25. ಸಂಬಳ, ಬಾಡಿಗೆ, ಬಡ್ಡಿ ಯಾವುದೂ ಆ ತಿಂಗಳು ತಾನಾಗಿ ಇಳಿಯುವುದಿಲ್ಲ. ಐದೇ ಹೋಗಲಿ ಎಂದು ಯಾವ ಅಕೌಂಟೆಂಟ್ ಆದರೂ ಹೇಳುತ್ತಾರೆ. ಆದರೆ ಈ ವರ್ಷ ಇಳಿಸಿದ ದರದಿಂದಲೇ ಮುಂದಿನ ವರ್ಷದ ಚೌಕಾಸಿ ಶುರುವಾಗುತ್ತದೆ. ಸುದ್ದಿ ಮಿಕ್ಕ ಗಿರಾಕಿಗಳ ಕಿವಿಗೂ ಬೀಳುತ್ತದೆ. ಕೈ ಬಿಗಿಯಾದಾಗ ಒಳ್ಳೆಯ ಎಂಜಿನಿಯರುಗಳು ನಿಲ್ಲುವುದಿಲ್ಲ. ಹಾಳೆಯಲ್ಲಿ ಇದಕ್ಕೆಲ್ಲ ಕಾಲಂ ಇಲ್ಲ. ಅದನ್ನು ಕಾಣುವುದಕ್ಕೇ ಅಲ್ಲವೇ ಸಿಇಒ ಇರಬೇಕಾದ್ದು?

ಆ ದಿನದ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲಿನ ಕೆಲಸ. ಒಬ್ಬ ಗಿರಾಕಿ, ಒಂದು ತಂತ್ರಜ್ಞಾನ, ಒಂದು ದೇಶ, ಕೊನೆಗೆ ಒಬ್ಬ ಪ್ರಮುಖ ಉದ್ಯೋಗಿಯ ಮೇಲೂ ಕಂಪನಿ ಅತಿಯಾಗಿ ಆತುಕೊಳ್ಳಬಾರದೆಂದು ನೋಡಿಕೊಳ್ಳಲು ಅವರು ಒಂದು ಮಂಡಳಿಯನ್ನೇ ಮಾಡಿದರು. ಪ್ರಮುಖ ಉದ್ಯೋಗಿ ಎಂದರೆ ಸಿಇಒ ಕೂಡ ಬಂದ. ತನ್ನ ಅನಿವಾರ್ಯತೆಯನ್ನೂ ಅಪಾಯಗಳ ಪಟ್ಟಿಗೆ ಸೇರಿಸಲು ಎಷ್ಟು ಜನ ಒಪ್ಪುತ್ತಾರೆ?

ಪೀಣ್ಯದ ಸಣ್ಣ ಕಾರ್ಖಾನೆಯ ಮಾಲೀಕರಿಗೂ ಇದೇ ಸಂಕಟ. ಲೇತ್ ತಿರುಗುವುದೇ ಒಂದು ದೊಡ್ಡ ಕಂಪನಿಯ ಆರ್ಡರಿನಿಂದ. ಬಿಲ್ಲಿನ ಹಣ 45 ದಿನದೊಳಗೆ ಕೈ ಸೇರಬೇಕೆಂದು ಸಣ್ಣ ಉದ್ಯಮಗಳಿಗಾಗಿ ಮಾಡಿದ 2006ರ ಕಾಯ್ದೆ ಹೇಳುತ್ತದೆ, ಮೂರು ತಿಂಗಳಾದರೂ ಕೇಳಲು ಹೆದರಿಕೆ. ಮುಂದಿನ ಆರ್ಡರ್ ನಿಂತರೆ? ಅಂಥವರಿಗೆ ಧೈರ್ಯವಾಗಿ ಬೇಡ ಎನ್ನಿ ಎಂದು ಉಪದೇಶ ಮಾಡಲು ನನಗೆ ಮನಸ್ಸು ಬಾರದು. ಇನ್ಫೋಸಿಸ್ ಕೈಯಲ್ಲಿ ಉಳಿದ ಮುಕ್ಕಾಲು ಭಾಗದ ವ್ಯವಹಾರವಿತ್ತು. 1993ರಲ್ಲೇ ಅದು ಷೇರುಪೇಟೆಗೆ ಬಂದಿತ್ತು. ಬೇಡ ಎನ್ನುವ ಶಕ್ತಿಯೂ ಬಂಡವಾಳದ ಹಾಗೆ ಮೊದಲೇ ಕೂಡಿಡಬೇಕಾದ್ದು. ಕೈತುಂಬ ಕೆಲಸವಿರುವ ತಿಂಗಳಲ್ಲೇ, ಲಾಭ ಕಡಿಮೆಯಾದರೂ ಸರಿ, ಇನ್ನೊಬ್ಬ ಗಿರಾಕಿಯನ್ನು ಹುಡುಕಿಕೊಳ್ಳಬೇಕು. ಹೊಸ ಯಂತ್ರಕ್ಕೆ ಬ್ಯಾಂಕ್ ಸಾಲದ ಕಾಗದಕ್ಕೆ ಸಹಿ ಹಾಕುವ ಮುಂಚೆ, ಅದು ಒಬ್ಬನ ಬಿಡಿಭಾಗಕ್ಕಷ್ಟೇ ಆಗುವ ಯಂತ್ರವೋ, ನಾಳೆ ಬೇರೆಯವರ ಕೆಲಸಕ್ಕೂ ಒದಗೀತೋ ಎಂದು ವಿಚಾರಿಸಿಕೊಳ್ಳಬೇಕು.