ಕಿರಾಯಿ ಮನೆಯೂ ಧರ್ಮವೂ

ಮನೆಯ ಒಡೆತನವು ಒಬ್ಬನದು, ವಾಸವು ಮತ್ತೊಬ್ಬನದು. ಈ ಎರಡೂ ಒಂದೇ ಗೋಡೆಯನ್ನು ಆಶ್ರಯಿಸಿರುವಾಗ ಆ ಗೋಡೆಯ ಮೇಲೆ ಯಾರ ಮಾತು ನಡೆಯತಕ್ಕದ್ದು? ಬೀದರ ಪಟ್ಟಣದಲ್ಲಿಯೂ ಭಾಲ್ಕಿ, ಔರಾದಗಳಲ್ಲಿಯೂ ನೌಕರಿಯ ನಿಮಿತ್ತ ಬಂದು ಕಿರಾಯಿ ಮನೆಗಳಲ್ಲಿ ಸಂಸಾರ ಹೂಡುವವರು ಅನೇಕರು. ಒಬ್ಬರು ಅಡಿಗೆಮನೆಗೊಂದು ಕಿಟಕಿಯನ್ನು ಬೇಡುವರು. ಮತ್ತೊಬ್ಬರು ವೃದ್ಧಳಾದ ತಾಯಿಗಾಗಿ ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಒಂದು ಸರಳನ್ನು ಬೇಡುವರು. ಇನ್ನೊಬ್ಬರು ಎರಡು ಕೋಣೆಗಳ ನಡುವಣ ಗೋಡೆಯನ್ನೇ ತೆಗೆಯಬೇಕೆನ್ನುವರು. ಇವೆಲ್ಲಕ್ಕೂ ಒಂದೇ ಉತ್ತರವನ್ನು ಕೊಡುವುದು ಸುಲಭ; ಆದರೆ ನ್ಯಾಯವಲ್ಲ.

ಈ ಪ್ರಶ್ನೆಯು ಹೊಸದೇನೂ ಅಲ್ಲ. ಪರರ ನೆಲದಲ್ಲಿ ಮನೆ ಕಟ್ಟಿಕೊಂಡು ಬಾಡಿಗೆ ಸಲ್ಲಿಸುತ್ತ ವಾಸಿಸಿದವನು ಬಿಟ್ಟುಹೋಗುವಾಗ ತನ್ನ ಹುಲ್ಲು, ಮರ, ಇಟ್ಟಿಗೆಗಳನ್ನು ಒಯ್ಯಬಹುದೆಂದೂ, ಬಾಡಿಗೆ ಕೊಡದೆ ಒಡೆಯನ ಮನಸ್ಸಿಗೆ ವಿರುದ್ಧವಾಗಿ ಇದ್ದವನಿಗೆ ಆ ಅಧಿಕಾರವಿಲ್ಲವೆಂದೂ ನಾರದಸ್ಮೃತಿಯು ವಿಧಿಸಿದೆ. 1882ನೆಯ ಇಸವಿಯ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮೂ ಇದಕ್ಕೆ ದೂರವಾದುದಲ್ಲ. ಬೇರೆ ಕರಾರು ಇಲ್ಲದಿದ್ದರೆ, ಬಾಡಿಗೆದಾರನು ತಾನು ಜೋಡಿಸಿದ್ದನ್ನು ಸ್ವಾಧೀನ ಬಿಡುವುದಕ್ಕೆ ಮುಂಚೆ ತೆಗೆದುಕೊಂಡು ಹೋಗಬಹುದು. ಆದರೆ ಸ್ವತ್ತನ್ನು ಮೊದಲಿದ್ದ ಸ್ಥಿತಿಯಲ್ಲಿ ಒಪ್ಪಿಸಬೇಕು. ಒಡೆಯನ ಸಮ್ಮತಿಯಿಲ್ಲದೆ ಶಾಶ್ವತವಾದ ಕಟ್ಟಡವನ್ನು ಎಬ್ಬಿಸಕೂಡದು.

ಹೀಗೆ ಶಾಸ್ತ್ರವೂ ಕಾಯಿದೆಯೂ ಎಲ್ಲೆಯನ್ನು ತೋರಿಸುವುವು. ಎಲ್ಲೆಯೊಳಗೆ ನಡೆಯುವ ಬಗೆಯನ್ನು ವಿವೇಕವೇ ಹೇಳಬೇಕು. ಮೂರು ಪ್ರಶ್ನೆಗಳು ಸಾಕೆಂದು ನನ್ನ ಮತ. ಮಾಡಿದ್ದನ್ನು ಮರಳಿ ಸರಿಪಡಿಸಲು ಬರುವುದೆ? ಬೇಡಿಕೆಯು ಅಗತ್ಯದ್ದೋ, ಬರಿಯ ಅನುಕೂಲದ್ದೋ? ಮನೆಯು ಅದನ್ನು ತಾಳಬಲ್ಲುದೆ? ಬೀದರದ ಹಳೆಯ ಮನೆಗಳಲ್ಲಿ ಜಂಬಿಟ್ಟಿಗೆ ಕಲ್ಲಿನ ದಪ್ಪ ಗೋಡೆಗಳೇ ಮಾಳಿಗೆಯ ಭಾರವನ್ನು ಹೊರುವುವು. ಅಂಥ ಗೋಡೆಯನ್ನು ತೆಗೆಯಲು ಒಪ್ಪದ ಒಡೆಯನನ್ನು ಲೋಭಿಯೆನ್ನಲಾಗದು. ಆದರೆ ಬಚ್ಚಲಿನ ಸರಳಿಗೆ ಬೇಕಾದದ್ದು ನಾಲ್ಕು ತೂತು. ಅದಿಲ್ಲದೆ ಮುದುಕಿಯು ಜಾರಿ ಬಿದ್ದರೆ ಮುರಿದ ಸೊಂಟವನ್ನು ಯಾವ ಗಾರೆಯಿಂದ ಮುಚ್ಚುವುದು?

“ಮನೆ ನನ್ನದು, ಕಾರಣವನ್ನೇಕೆ ಹೇಳಲಿ?” ಎಂದು ಕೆಲವರು ಕೇಳುವುದುಂಟು. ತಿಂಗಳು ತಿಂಗಳೂ ಕೈಗೆ ಬರುವ ಹಣವು ಕಲ್ಲುಮಣ್ಣಿನ ಬೆಲೆಯಲ್ಲ, ವಾಸದ ಬೆಲೆ. ವಾಸವನ್ನು ಕೊಟ್ಟೆನೆಂದು ಹಣ ಪಡೆದವನು, ಆ ವಾಸಕ್ಕೆ ಅಗತ್ಯವಾದುದನ್ನು ನಿರಾಕರಿಸುವಾಗ ಕಾರಣ ಹೇಳುವ ಋಣಕ್ಕೆ ಒಳಗಾಗಿದ್ದಾನೆ. ಬಾಡಿಗೆದಾರನು ತನ್ನ ಖರ್ಚಿನಿಂದ ಮನೆಯನ್ನು ಸುಧಾರಿಸಿದ ಮೇಲೆ, ಆ ಸುಧಾರಣೆಯನ್ನೇ ತೋರಿಸಿ ಬಾಡಿಗೆಯನ್ನು ಹೆಚ್ಚಿಸುವುದಂತೂ ಅವನ ವಸ್ತುವನ್ನು ಅವನಿಗೇ ಮಾರಿದಂತೆ.

ಬಾಡಿಗೆದಾರನಿಗೂ ಧರ್ಮವುಂಟು. ಮೊದಲು ಗೋಡೆ ಕೊರೆದು ಆಮೇಲೆ ಅಪ್ಪಣೆ ಕೇಳುವವನು ಕೇಳುತ್ತಿರುವುದು ಅಪ್ಪಣೆಯನ್ನಲ್ಲ, ಕ್ಷಮೆಯನ್ನು. ಅಂಥವನೊಬ್ಬನಿಂದ ಮುಂದೆ ಬರುವ ಹತ್ತು ಮಂದಿ ಸಜ್ಜನರಿಗೆ ಬಾಗಿಲು ಮುಚ್ಚುವುದು.

ಆದಕಾರಣ ಒಪ್ಪಿದ ಕೂಡಲೆ ನಾಲ್ಕು ಸಾಲು ಬರೆದಿಡುವುದು ಮೇಲು: ಏನನ್ನು ಮಾಡತಕ್ಕದ್ದು, ಖರ್ಚು ಯಾರದು, ಬಿಡುವಾಗ ಒಯ್ಯುವುದೋ ಉಳಿಸುವುದೋ. ಇದು ಅಪನಂಬಿಕೆಯಲ್ಲ. ಆಡಿದ ಮಾತು ಆಡಿದವರೊಡನೆ ಹೋಗುವುದು. ಮನೆಯಾದರೋ ಮಕ್ಕಳ ಕೈಗೆ ಬರುವುದು, ಅವರು ಆ ಮಾತನ್ನು ಕೇಳಿದವರಲ್ಲ.